ಕಡಲು ದಾಟಿದವರ ತವರೂರು ಹುಡುಕುವುದು ಹೇಗೆ?

1620ರಲ್ಲಿ ಮೇಫ್ಲವರ್ ಹಡಗು ಹತ್ತಿ ಅಮೆರಿಕಕ್ಕೆ ಹೋದ ಸ್ಟೀಫನ್ ಹಾಪ್ಕಿನ್ಸ್ ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್ ಜಿಲ್ಲೆಯವನು ಎಂದೇ ಬಹುಕಾಲ ನಂಬಿದ್ದರು. 1998ರಲ್ಲಿ ಆ ಮಾತು ಬಿದ್ದುಹೋಯಿತು. ಹ್ಯಾಂಪ್‌ಶೈರ್‌ನ ಹರ್ಸ್ಲಿ ಹಳ್ಳಿಯ ಚರ್ಚಿನ ಪುಸ್ತಕದಲ್ಲಿ ಅವನ ಮಕ್ಕಳಾದ ಕಾನ್‌ಸ್ಟೆನ್ಸ್ ಮತ್ತು ಜೈಲ್ಸ್ ಇಬ್ಬರ ದೀಕ್ಷಾಸ್ನಾನವೂ ದಾಖಲಾಗಿರುವುದು ಬೆಳಕಿಗೆ ಬಂತು. ಸ್ಟೀಫನ್ ಎಂಬ ಹೆಸರಿನವರು ಊರೂರಲ್ಲಿ ಸಿಗುತ್ತಾರೆ. ಅಪ್ಪ ಮತ್ತು ಈ ಇಬ್ಬರು ಮಕ್ಕಳು ಒಂದೇ ಮನೆಯಲ್ಲಿ ಸಿಗುವುದು ಅಪರೂಪ. ಒಬ್ಬನನ್ನೇ ಹುಡುಕಬೇಡಿ, ಅವನ ಸುತ್ತಲಿನವರನ್ನೂ ಹುಡುಕಿ.

ವಲಸಿಗನ ಮೂಲ ಹುಡುಕಿ ಇಂಗ್ಲೆಂಡಿಗೆ ಹಾರುವ ಮೊದಲು ಅಮೆರಿಕದಲ್ಲಿರುವ ಅವನ ಕಾಗದಪತ್ರ ನೋಡಿ ಮುಗಿಸಿ. ಉಯಿಲು, ಜಮೀನಿನ ಪತ್ರ, ಚರ್ಚ್ ಸದಸ್ಯರ ಪಟ್ಟಿ, ನ್ಯಾಯಾಲಯದ ಸಾಕ್ಷಿ ಹೇಳಿಕೆ, ಎಲ್ಲವನ್ನೂ ನೋಡಿ. ಬಾಸ್ಟನ್ನಿನಲ್ಲಿ 1988ರಲ್ಲಿ ಶುರುವಾದ ‘ಗ್ರೇಟ್ ಮೈಗ್ರೇಷನ್’ ಯೋಜನೆ ಮೊದಲ ವಲಸಿಗರ ಬಗ್ಗೆ ಇದನ್ನೇ ಮಾಡಿದೆ. ನಿಮ್ಮವರು ಅದರಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಆಮೇಲೆ ನೆರೆಹೊರೆ. ಜನ ಗುಂಪುಗುಂಪಾಗಿ ಹೊರಟವರು, ಕೆಲವೊಮ್ಮೆ ಊರಿನ ಹೆಸರನ್ನೂ ಹೊತ್ತೊಯ್ದರು. ಮ್ಯಾಸಚೂಸೆಟ್ಸ್‌ನ ಹಿಂಗ್‌ಹ್ಯಾಮ್ ಹೆಸರು ಬಂದದ್ದು ಇಂಗ್ಲೆಂಡಿನ ನಾರ್ಫೋಕ್‌ನ ಹಿಂಗ್‌ಹ್ಯಾಮ್‌ನಿಂದ. 1637ರಲ್ಲಿ ಬಂದ ಸ್ಯಾಮ್ಯುಯೆಲ್ ಲಿಂಕನ್‌ನ ಬೇರು ಅಲ್ಲಿದೆ; ಅಬ್ರಹಾಂ ಲಿಂಕನ್ ಅವನ ವಂಶದವರೇ. ಪಕ್ಕದ ಮನೆಯವನ ಊರು ಗೊತ್ತಿದ್ದರೆ ಅಲ್ಲಿಂದಲೇ ಶುರುಮಾಡಿ.

ಇಂಗ್ಲೆಂಡಿನ ಚರ್ಚುಗಳಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡಬೇಕೆಂಬ ಆದೇಶ ಬಂದದ್ದು 1538ರಲ್ಲಿ. ಎಲ್ಲ ಊರಿನವೂ ಉಳಿದಿಲ್ಲ. ಮೂಲಪುಸ್ತಕ ಹಾಳಾಗಿದ್ದರೆ ಬಿಷಪ್ಪರಿಗೆ ವರ್ಷವರ್ಷ ಕಳಿಸುತ್ತಿದ್ದ ನಕಲು ಕೇಳಿ. ಆ ಕಾಲದ ಕೈಬರಹ ಮೊದಲು ತಲೆ ತಿನ್ನುತ್ತದೆ, ಒಂದು ವಾರ ಕೂತರೆ ಕಣ್ಣು ಪಳಗುತ್ತದೆ.

ತಾರೀಖಿನಲ್ಲಿ ಎಡವದವರು ಕಡಿಮೆ. 1752ರ ಮುಂಚೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಪುಸ್ತಕದಲ್ಲಿ 1607ರ ಜನವರಿ ಎಂದಿದ್ದರೆ ನಮ್ಮ ಲೆಕ್ಕಕ್ಕೆ 1608. ಇದನ್ನು ಮರೆತರೆ ಮಗ ಹುಟ್ಟಿದ ಮೇಲೆ ಅಪ್ಪನಿಗೆ ಮದುವೆ ಮಾಡಿಸಿಬಿಡುತ್ತೀರಿ!

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಉಯಿಲು. ಇಂಗ್ಲೆಂಡಿನಲ್ಲೇ ಉಳಿದ ಅಣ್ಣನೋ ಸೋದರತ್ತೆಯೋ ‘ನ್ಯೂ ಇಂಗ್ಲೆಂಡಿನಲ್ಲಿರುವ’ (ಅಂದರೆ ಅಮೆರಿಕದ ಈಶಾನ್ಯ ಭಾಗದಲ್ಲಿರುವ) ಬಂಧುವಿಗೆ ಹಣ ಬರೆದಿಟ್ಟಿದ್ದರೆ ಎರಡು ದಡಗಳೂ ಕೂಡಿದವು. ಕ್ಯಾಂಟರ್ಬರಿ ಧರ್ಮಾಧಿಕಾರಿಗಳ ನ್ಯಾಯಾಲಯದಲ್ಲಿ ದಾಖಲಾದ ಉಯಿಲುಗಳು ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಉಳಿದವಕ್ಕೆ ಆಯಾ ಜಿಲ್ಲೆಯ ದಾಖಲೆ ಕಚೇರಿ.

ಅಚ್ಚಾದ ವಂಶಾವಳಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಶ್ರೀಮಂತ ಅಮೆರಿಕನ್ನರಿಗೆ ಸುಳ್ಳು ವಂಶಾವಳಿ ಹೊಸೆದು ಕೊಟ್ಟ ಗುಸ್ತಾವ್ ಆಂಜು ಎಂಬ ಆಸಾಮಿಯ ಸರಕು ಇಂದಿಗೂ ಚಲಾವಣೆಯಲ್ಲಿದೆ.

ಹೆಸರು, ಊರು, ವಯಸ್ಸು ಎಲ್ಲ ಕೂಡಿಬಂತೆ? ಹಿಗ್ಗುವ ಮೊದಲು ಅದೇ ಪುಸ್ತಕದ ಸಮಾಧಿ ಪುಟ ತಿರುವಿ. ಆ ಮಗು ಎರಡೇ ವರ್ಷಕ್ಕೆ ಮಣ್ಣಾಗಿದ್ದರೆ, ಹಡಗು ಹತ್ತಿದವನು ಬೇರೆ ಯಾರೋ.