7 ಕೆಜಿ ಬ್ಯಾಗಿನಲ್ಲಿ ಕೊಡಗಿನಿಂದ ಹೊರಡುವುದು

ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ದೆಹಲಿಗೆ ಹೋಗಲಿ, ಸಿಂಗಾಪುರಕ್ಕೆ ಹೋಗಲಿ, ನಮ್ಮ ಪ್ರಯಾಣ ಶುರುವಾಗುವುದು ತೋಟದ ದಾರಿಯಲ್ಲಿ. ಮನೆಯಿಂದ ಗೇಟಿನ ತನಕ ಬ್ಯಾಗು ಹೊತ್ತು ನಡೆದು, ಜೀಪೋ ಆಟೋನೋ ಹತ್ತಿ, ಆಮೇಲೆ ಬಸ್ಸು ಹಿಡಿದು, ವಿರಾಜಪೇಟೆ ಕಡೆಯವರಾದರೆ ಮಾಕುಟ್ಟ ದಾಟಿ ಕಣ್ಣೂರಿಗೆ, ಮಡಿಕೇರಿ ಕಡೆಯವರಾದರೆ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ, ಇಲ್ಲಾಂದ್ರೆ ಮೈಸೂರು ದಾಟಿ ಬೆಂಗಳೂರಿಗೆ ಹೋಗಿ ಸೇರುವಷ್ಟರಲ್ಲಿ ಅದೇ ಬ್ಯಾಗನ್ನು ಐದಾರು ಸಲ ಎತ್ತಿ ಇಳಿಸಿರುತ್ತೇವೆ. ದೊಡ್ಡ ಸೂಟ್‌ಕೇಸ್ ಇದ್ದರೆ ವಿಮಾನ ಹತ್ತುವ ಮೊದಲೇ ಸುಸ್ತು. ಅದಕ್ಕೇ ನಾನು ಹತ್ತು ದಿನದ ಪ್ರಯಾಣಕ್ಕೂ ಒಂದೇ ಕ್ಯಾಬಿನ್ ಬ್ಯಾಗು (ವಿಮಾನದೊಳಗೆ ಜೊತೆಗೇ ಒಯ್ಯುವ ಬ್ಯಾಗು) ಅಂತ ಮಾಡಿಕೊಂಡಿದ್ದೇನೆ. ನೀವೂ ಮಾಡಬಹುದು, ಕಷ್ಟವೇನಿಲ್ಲ.

ಮೊದಲು ಖಾಲಿ ಬ್ಯಾಗನ್ನು ತೂಗಿ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ಟಿಕೆಟ್‌ಗೆ ಒಂದು ಬ್ಯಾಗು, 7 ಕೆಜಿ. ಉದ್ದ, ಅಗಲ, ಎತ್ತರ ಮೂರೂ ಕೂಡಿಸಿದರೆ 115 ಸೆಂ.ಮೀ ಒಳಗಿರಬೇಕು. ವಿಮಾನದಿಂದ ವಿಮಾನಕ್ಕೆ ಸ್ವಲ್ಪ ವ್ಯತ್ಯಾಸ ಇರುತ್ತೆ, ನಿಮ್ಮ ಟಿಕೆಟ್‌ನಲ್ಲಿ ಏನಿದೆ ನೋಡಿಕೊಳ್ಳಿ. ಚಕ್ರದ ಗಟ್ಟಿ ಟ್ರಾಲಿ ಖಾಲಿ ಇದ್ದಾಗಲೇ ಎರಡೂವರೆ, ಮೂರು ಕೆಜಿ ತೂಗುತ್ತೆ. ಬೆನ್ನಿಗೆ ಹಾಕುವ ಬ್ಯಾಗು ಸುಮಾರು ಒಂದು ಕೆಜಿ. ಆ ವ್ಯತ್ಯಾಸದಲ್ಲಿ ನಾಲ್ಕೈದು ದಿನದ ಬಟ್ಟೆ ಬರುತ್ತೆ! ನಮ್ಮ ಕಲ್ಲು, ಕೆಸರಿನ ದಾರಿಯಲ್ಲಿ ಚಕ್ರ ಉರುಳುವುದೂ ಅಷ್ಟರಲ್ಲೇ ಇದೆ. ಬೆನ್ನಿನ ಬ್ಯಾಗೇ ತಗೊಳ್ಳಿ. ತೂಗೋಕೆ ಬೇರೇನೂ ಬೇಡ, ಕೊಯ್ಲಿನ ಟೈಮಲ್ಲಿ ಕಾಫಿ ಹಣ್ಣಿನ ಚೀಲ ತೂಗುವ ಕೊಕ್ಕೆಯ ತಕ್ಕಡಿ ಮನೆಯಲ್ಲಿದ್ದರೆ ಅದಕ್ಕೇ ನೇತು ಹಾಕಿ.

ಬಟ್ಟೆ ವಿಷಯ. ಮೂರು ಶರ್ಟು ಅಥವಾ ಕುರ್ತಾ, ಎರಡು ಪ್ಯಾಂಟು, ಮೂರು ನಾಲ್ಕು ಜೊತೆ ಒಳಬಟ್ಟೆ, ಒಂದು ಟವೆಲ್ ಸಾಕು. ಇದರಲ್ಲಿ ಒಂದು ಜೊತೆ ಮೈಮೇಲೇ ಇರುತ್ತೆ. ಭಾರದ್ದೆಲ್ಲ ಮೈಮೇಲೆ ಹೋಗಲಿ. ಜೀನ್ಸ್, ಶೂ, ಜಾಕೆಟ್ ಇವು ಮೂರನ್ನೂ ಬ್ಯಾಗಿಗೆ ತುರುಕಿದರೆ ಎರಡು ಕೆಜಿ ಅಲ್ಲೇ ಹೋಯ್ತು. ಮಡಿಕೇರಿಯ ಚಳಿಯಲ್ಲಿ ಹೊರಡುವಾಗ ಜಾಕೆಟ್ ಹೇಗೂ ಬೇಕು, ಕೆಳಗಿಳಿದ ಮೇಲೆ ಸೆಕೆ ಆಗುತ್ತೆ ನಿಜ, ಆಗ ತೆಗೆದು ಕೈಗೆ ಹಾಕಿಕೊಳ್ಳಿ, ಜೇಬಿನಲ್ಲಿ ಚಾರ್ಜರ್, ಕನ್ನಡಕ ಎಲ್ಲ ಇಟ್ಟುಕೊಳ್ಳಬಹುದು.

ಮಳೆಗಾಲದಲ್ಲಿ ಹೊರಡುವವರು ಸ್ವಲ್ಪ ಜಾಸ್ತಿ ಯೋಚನೆ ಮಾಡಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬಟ್ಟೆ ಒಣಗೋದೇ ದೊಡ್ಡ ಕೆಲಸ, ಅಲ್ವಾ? ಒಲೆ ಹತ್ತಿರ ಹರಡಿದರೂ ದಪ್ಪ ಹತ್ತಿ ಬಟ್ಟೆಯ ಹೊಲಿಗೆ ಹತ್ತಿರ ತಂಡಿ ಉಳಿದಿರುತ್ತೆ. ಅದನ್ನು ಹಾಗೇ ಮಡಚಿಟ್ಟರೆ ತೂಕವೂ ಜಾಸ್ತಿ, ಎರಡು ದಿನದಲ್ಲಿ ಬೂಷ್ಟಿನ ವಾಸನೆ ಬೇರೆ. ಹೊರಡುವ ನಾಲ್ಕು ದಿನ ಮೊದಲೇ ಒಗೆದು, ಕೊನೆಗೆ ಇಸ್ತ್ರಿ ಹಾಕಿ ಬಿಸಿ ಆರಿದ ಮೇಲೆ ಮಡಚಿ. ಬೇಗ ಒಣಗುವ ತೆಳು ಬಟ್ಟೆ ಆರಿಸಿ, ರಾತ್ರಿ ಹಿಂಡಿ ಹಾಕಿದರೆ ಬೆಳಿಗ್ಗೆ ಹಾಕ್ಕೊಳ್ಳುವ ಹಾಗಿರಬೇಕು. ಬ್ಯಾಗಿನ ಒಳಗೆ ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ಹಾಸಿ ಅದರೊಳಗೆ ಎಲ್ಲಾ ಜೋಡಿಸಿ. ಹೊರಗಿನ ರೈನ್ ಕವರ್ ಒಂದನ್ನೇ ನಂಬಬೇಡಿ, ನಮ್ಮ ಮಳೆಗೆ ಅದು ಸಾಲದು.

ಇನ್ನು ನಿಜವಾದ ತೂಕದ ವಿಷಯಕ್ಕೆ ಬರ್ತೀನಿ. ನಮ್ಮ ಬ್ಯಾಗು ತುಂಬುವುದು ನಮ್ಮ ಬಟ್ಟೆಯಿಂದ ಅಲ್ಲ, ಮನೆಯವರು ಕೊಡುವ ಸಾಮಾನಿನಿಂದ. ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ, ಜೇನು, ಅಡುಗೆಗೆ ಹಾಕುವ ಕಪ್ಪು ಹುಳಿ ರಸ ಕಾಚಂಪುಳಿ. ಪ್ರೀತಿಯಿಂದ ಕೊಡುವುದನ್ನು ಬೇಡ ಅನ್ನೋದು ಕಷ್ಟ, ನನಗಂತೂ ಆಗಲ್ಲ. ಅದಕ್ಕೆ ನಾನು ಮೊದಲೇ ಒಂದೂವರೆ ಕೆಜಿ ಜಾಗ ಬಿಟ್ಟಿಡುತ್ತೇನೆ. ಮನೆಯಲ್ಲಿ ಒಂದು ವಾರ ಮುಂಚೆಯೇ ಗ್ರಾಂ ಲೆಕ್ಕದಲ್ಲಿ ಹೇಳಿಬಿಡುತ್ತೇನೆ: ಕಾಫಿ ಅರ್ಧ ಕೆಜಿ, ಮೆಣಸು ಕಾಲು ಕೆಜಿ, ಉಳಿದದ್ದು ನೀವೇ ಆರಿಸಿ. ಹೀಗೆ ಹೇಳಿದರೆ ಯಾರಿಗೂ ಬೇಜಾರಾಗಲ್ಲ.

ವಿದೇಶಕ್ಕೆ ಹೋಗುವಾಗ ದ್ರವದ ನಿಯಮ ಇದೆ. ಕೈಯಲ್ಲಿ ಒಯ್ಯುವ ಪ್ರತಿ ಬಾಟಲಿ 100 ಮಿಲಿ ಮೀರಬಾರದು, ಎಲ್ಲಾ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಲೆಕ್ಕ ಬಾಟಲಿಯ ಅಳತೆಯದ್ದು, ಒಳಗೆ ಎಷ್ಟಿದೆ ಅನ್ನೋದು ಅಲ್ಲ. ಇದು ನನಗೆ ತಿಳಿದದ್ದು ಸಿಂಗಾಪುರದಲ್ಲಿರುವ ತಂಗಿಗೆ ಕಾಚಂಪುಳಿ ಒಯ್ಯುವಾಗ. ಅದು ನನ್ನ ಅತ್ತಿಗೆ ಹುಳಿ ಹಣ್ಣನ್ನು ಕೊಳೆಹಾಕಿ, ರಸ ಇಳಿಸಿ, ಕಪ್ಪಗೆ ಗಟ್ಟಿಯಾಗುವ ತನಕ ಕುದಿಸಿ ಮಾಡಿದ್ದು. 300 ಮಿಲಿ ಬಾಟಲಿಯ ತಳದಲ್ಲಿ ನಾಲ್ಕು ಬೆರಳಷ್ಟು ಮಾತ್ರ ಇತ್ತು, ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ ನೂಲು ಕಟ್ಟಿದ್ದರು. ತಪಾಸಣೆಯವರು ಬಾಟಲಿ ತಿರುಗಿಸಿ ಅಳತೆ ಓದಿ ಪಕ್ಕದ ಡಬ್ಬಕ್ಕೆ ಹಾಕಿಬಿಟ್ಟರು. ತುಂಬಾ ಬೇಜಾರಾಯ್ತು. ಅದನ್ನೇ 100 ಮಿಲಿ ಬಾಟಲಿಗೆ ಹಾಕಿದ್ದರೆ ತಂಗಿ ಮನೆ ಸೇರುತ್ತಿತ್ತು. ಒಂದು ಕೆಜಿ ಪಂದಿ ಕರಿಗೆ (ಹಂದಿ ಮಾಂಸದ ಪಲ್ಯಕ್ಕೆ) ಒಂದೆರಡು ಚಮಚ ಸಾಕು, 100 ಮಿಲಿ ತಿಂಗಳುಗಟ್ಟಲೆ ಬರುತ್ತೆ.

ಜೇನೂ ಈ ಲೆಕ್ಕಕ್ಕೇ ಬರುತ್ತೆ. ಅರ್ಧ ಕೆಜಿ ಜೇನು ಅಂದರೆ ಸುಮಾರು 350 ಮಿಲಿ, ಕೈಯಲ್ಲಿ ಬಿಡಲ್ಲ. ನ್ಯೂಜಿಲೆಂಡಿಗಂತೂ ಜೇನು ತಗೊಂಡು ಹೋಗಲೇಬೇಡಿ, ಅಲ್ಲಿ ಒಳಗೆ ಬಿಡುವುದಿಲ್ಲ. ಕಾಫಿ ಪುಡಿಗೆ ದ್ರವದ ನಿಯಮ ಇಲ್ಲ, ಆದರೆ ಅಮೆರಿಕಕ್ಕೆ ಹೋಗುವಾಗ 350 ಮಿಲಿಗಿಂತ ಜಾಸ್ತಿ ಪುಡಿ ಇದ್ದರೆ ಬೇರೆಯಾಗಿ ತಪಾಸಣೆ ಮಾಡುತ್ತಾರೆ. ಹುರಿದ ಬೀಜವನ್ನೇ ಒಯ್ದು ಅಲ್ಲಿ ಪುಡಿ ಮಾಡಿಕೊಳ್ಳುವುದು ಒಳ್ಳೆಯದು, ಘಮವೂ ಉಳಿಯುತ್ತೆ.

ಮದುವೆಗೆ ಹೋಗುವವರಿಗೆ ಒಂದು ಮಾತು. ನಮ್ಮ ಗಂಡಸರ ಸಾಂಪ್ರದಾಯಿಕ ಉಡುಪು ಕುಪ್ಯಚೇಲೆ ಬ್ಯಾಗಿನಲ್ಲಿ ಹಿಡಿಸುತ್ತೆ, ಸುರುಳಿ ಸುತ್ತಿ ಇಡಿ. ಆದರೆ ಅದರ ಜೊತೆ ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯನ್ನು ಕ್ಯಾಬಿನ್‌ಗೆ ಬಿಲ್ಕುಲ್ ಬಿಡಲ್ಲ. ಮನೆತನದ ಕತ್ತಿ, ಬೆಳ್ಳಿ ಒರೆ, ಅಂಥದ್ದನ್ನು ತಪಾಸಣೆ ಹತ್ತಿರ ಕಳೆದುಕೊಂಡರೆ ಮತ್ತೆ ಸಿಗಲ್ಲ. ರಸ್ತೆಯಲ್ಲಿ ಹೋಗುವ ನೆಂಟರ ಕೈಯಲ್ಲಿ ಮೊದಲೇ ಕಳಿಸಿ.

ಪವರ್ ಬ್ಯಾಂಕ್ ಮಾತ್ರ ಉಲ್ಟಾ, ಅದು ಕೈಯಲ್ಲೇ ಇರಬೇಕು, ಕೆಳಗೆ ಕಳಿಸುವ ಸಾಮಾನಿಗೆ ಹಾಕುವ ಹಾಗಿಲ್ಲ. 20,000 ಎಂಎಎಚ್‌ನದ್ದು ಸುಮಾರು 74 ವಾಟ್ ಅವರ್, 100ರ ಮಿತಿಯೊಳಗೇ ಇದೆ. ವಿಮಾನ ತುಂಬಿದೆ ಅಂತ ಗೇಟಿನಲ್ಲಿ ಬ್ಯಾಗು ಕೆಳಗೆ ಕಳಿಸಿದರೆ ಮೊದಲು ಅದನ್ನು ತೆಗೆದುಕೊಳ್ಳಿ.

ವಾಪಸ್ ಬರುವಾಗ ಕಾಫಿ ಇದ್ದ ಜಾಗಕ್ಕೆ ಒಗೆಯದ ಬಟ್ಟೆ ಹೋಗಲಿ, ಜಾಕೆಟ್ ಮಾತ್ರ ಕೈಗೆ ಸಿಗುವ ಹಾಗೆ ಮೇಲೇ ಇರಲಿ. ರಾತ್ರಿ ಬಸ್ಸಾದರೆ ಕುಶಾಲನಗರ ದಾಟಿ ಮೇಲೆ ಹತ್ತುವಾಗಲೇ ಚಳಿ ಶುರುವಾಗಿರುತ್ತೆ.