ಬಚ್ಚಲ ಪೈಪ್ ಮುಚ್ಚಿದೆವು, ಜಾಯಿಂಟ್ ಕೈಗೆ ಸಿಗುವ ಹಾಗೆ

ಕಾರವಾರದ ನಮ್ಮ ಮನೆ ಚಿರೆಕಲ್ಲಿನದು. ಕಟ್ಟುವಾಗ ಹಾಕಿದ್ದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್‌ಗಳು ಕಡಲ ಗಾಳಿಗೂ ಬಾವಿಯ ಸವುಳು ನೀರಿಗೂ ತುಕ್ಕು ಹಿಡಿದು ಹೋಗಿದ್ದವು. ಅವನ್ನು ಕಿತ್ತು ಸಿಪಿವಿಸಿ, ಅಂದರೆ ಬಿಸಿನೀರು ತಾಳುವ ಪ್ಲಾಸ್ಟಿಕ್ ಪೈಪ್ ಹಾಕಿಸಿದೆವು. ಹೊಸ ಲೈನನ್ನು ಗೋಡೆಯ ಮೇಲೇ ಓಡಿಸಿದೆವು. ಗೋಡೆ ಕೊರೆದು ಒಳಗೆ ಹಾಕಿಸಿಬಿಡಿ, ನೋಡೋಕೆ ಚೆಂದ ಎಂದು ಬಂದವರೆಲ್ಲ ಹೇಳಿದರು. ನಾನು ಒಪ್ಪಲಿಲ್ಲ.

ಚಿರೆಕಲ್ಲಿನ ಮೈತುಂಬ ತೂತು. ಗಣಿಯಲ್ಲಿ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಹಳೇ ಗೋಡೆಗೆ ಕಟರ್ ಹಾಕಿದರೆ ನೇರ ಗೆರೆ ಬರುವುದಿಲ್ಲ, ಅಕ್ಕಪಕ್ಕದ್ದೂ ಕಳಚಿಕೊಂಡು ಬರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಸೋರಿಕೆಯದು. ಒಳಗಿನ ಜಾಯಿಂಟ್ ಸೋರಿದರೆ ನೀರು ಅಲ್ಲೇ ಹೊರಗೆ ಕಾಣುವುದಿಲ್ಲ. ಕಲ್ಲು ಅದನ್ನು ಕುಡಿದುಕೊಂಡು, ಎಷ್ಟೋ ದಿನದ ನಂತರ ಪಕ್ಕದ ಕೋಣೆಯ ನೆಲದ ಹತ್ತಿರ ಕಲೆ ತೋರಿಸುತ್ತದೆ. ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಹೇಗೂ ತಂಪು ಹಿಡಿದಿರುತ್ತದೆ. ಆ ಕಲೆ ಮಳೆಯದೋ ಪೈಪಿನದೋ ಎಂದು ಗೊತ್ತಾಗಬೇಕಾದರೆ ದೀಪಾವಳಿ ಬರಬೇಕು.

ಹಾಗೆಂದು ಪೈಪನ್ನು ಬೆತ್ತಲೆ ಬಿಡುವುದೂ ನನಗೆ ಸರಿ ಕಾಣಲಿಲ್ಲ. ಚಾವಣಿಯ ಮೇಲಿನ ಸೋಲಾರ್‌ನಿಂದ ಬರುವ ನೀರು ಮಧ್ಯಾಹ್ನದ ಹೊತ್ತಿಗೆ ಕೈ ಇಡಲಾಗದಷ್ಟು ಬಿಸಿ ಇರುತ್ತದೆ. ಆಯಿಗೆ ಸ್ನಾನದ ಹೊತ್ತಿಗೆ ಗೋಡೆ ಹಿಡಿದು ನಿಲ್ಲುವ ಅಭ್ಯಾಸ. ಅವಳ ಕೈ ಹೋಗುವ ಎತ್ತರದಲ್ಲೇ ಬಿಸಿ ಪೈಪ್ ಇತ್ತು. ಪೈಪಿನ ಮೇಲೆ ಪೆಟ್ಟಿಗೆ ಕೂರಿಸಿ, ತೆಗೆಯಲು ಬರುವ ಬಾಗಿಲು ಇಟ್ಟು ಮುಚ್ಚಬೇಕು ಎಂದು ತೀರ್ಮಾನಿಸಿದ್ದು ಮುಖ್ಯವಾಗಿ ಆ ಕಾರಣಕ್ಕೆ.

ಮುಚ್ಚುವ ಮೊದಲು ಸೀಮೆಸುಣ್ಣ ಹಿಡಿದು ಎಲ್ಲಾ ಜಾಯಿಂಟ್‌ಗಳಿಗೆ ಗೋಡೆಯ ಮೇಲೆ ಗುರುತು ಹಾಕಿದೆ. ನೇರವಾಗಿ ಓಡುವ ಪೈಪ್ ಸೋರುವುದು ತೀರಾ ಅಪರೂಪ. ಸೋರುವುದು ಎಲ್ಬೋ (ಮೂಲೆ ತಿರುಗಿಸುವ ತುಂಡು), ಟೀ (ಕವಲು ಒಡೆಯುವ ತುಂಡು), ವಾಲ್ವ್, ಯೂನಿಯನ್ (ಬಿಚ್ಚಿ ಕೂಡಿಸುವ ಜೋಡಣೆ). ಎಲ್ಲಕ್ಕಿಂತ ಹೆಚ್ಚಾಗಿ ಪ್ಲಾಸ್ಟಿಕ್ ಮತ್ತು ಹಿತ್ತಾಳೆ ಕೂಡುವ ಥ್ರೆಡ್ ಜಾಗ, ಅಂದರೆ ನಲ್ಲಿ ಕೂರುವ ಕಡೆ, ಗೀಸರ್‌ಗೆ ಹೋಗುವ ಕಡೆ. ಗುರುತು ಹಾಕಿ ಎರಡು ಹೆಜ್ಜೆ ಹಿಂದೆ ನಿಂತು ನೋಡಿದರೆ ಬಾಗಿಲು ಎಲ್ಲೆಲ್ಲಿ ಬೇಕು ಎಂಬುದು ತಾನಾಗಿ ಕಾಣುತ್ತದೆ. ಉದ್ದಕ್ಕೂ ಬಾಗಿಲು ಬೇಕಿಲ್ಲ, ಗುರುತು ಗುಂಪಾಗಿರುವ ಕಡೆ ಬೇಕು. ಉಳಿದ ನೇರ ಭಾಗಕ್ಕೆ ಕೂರಿಸಿದ ಮುಚ್ಚಿಗೆಯೇ ಸಾಕು.

ಬಾಗಿಲಿನ ಅಳತೆಯಲ್ಲಿ ಜಿಪುಣತನ ಬೇಡ. ವಾಲ್ವ್ ತಿರುಗಿಸುವಷ್ಟು ಕಿಂಡಿ ಬಿಟ್ಟು ಮುಗಿಸುವವರನ್ನು ನೋಡಿದ್ದೇನೆ. ನಾಳೆ ಒಂದು ಎಲ್ಬೋ ಬದಲಿಸಬೇಕಾದರೆ ಅದನ್ನು ಬಿಚ್ಚಲು ಬರುವುದಿಲ್ಲ. ಸಿಪಿವಿಸಿ ಅಂಟಿಸಿದ ಜಾಯಿಂಟ್ ಅಲ್ವಾ? ಎರಡೂ ಕಡೆ ಪೈಪ್ ಕತ್ತರಿಸಿ, ಹೊಸ ತುಂಡು ಮತ್ತು ಕಪ್ಲಿಂಗ್ ಹಾಕಿ ಅಂಟಿಸಬೇಕು. ಅದಕ್ಕೆ ಜಾಯಿಂಟಿನ ಎರಡೂ ಬದಿ ಕನಿಷ್ಠ ಒಂದು ಗೇಣು ನೇರ ಪೈಪ್ ಕೈಗೆ ಸಿಗಬೇಕು. ಪಾನಾ ಹಿಡಿದ ಕೈ ತಿರುಗಲು ಜಾಗ ಬೇಕು. ಬಾಲ್ ವಾಲ್ವ್‌ನ ಹಿಡಿ ಕಾಲು ಸುತ್ತು ತಿರುಗುವಾಗ ಪೆಟ್ಟಿಗೆಯ ಗೋಡೆಗೆ ತಾಗಬಾರದು. ಇದೆಲ್ಲ ಲೆಕ್ಕ ಹಾಕಿ ನಮ್ಮ ಪೆಟ್ಟಿಗೆಯ ಆಳ ಆರು ಇಂಚು ಇಟ್ಟೆವು.

ಬಿಸಿನೀರಿನ ಪೈಪಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದನ್ನು ಯಾರೂ ಹೇಳುವುದಿಲ್ಲ. ಸಿಪಿವಿಸಿ ಬಿಸಿಗೆ ಉದ್ದ ಬೆಳೆಯುತ್ತದೆ. ಮೂರು ಮೀಟರ್ ಪೈಪಿನಲ್ಲಿ 40 ಡಿಗ್ರಿ ವ್ಯತ್ಯಾಸವಾದರೆ ಏಳೆಂಟು ಮಿಲಿಮೀಟರ್. ಎರಡೂ ತುದಿಯನ್ನು ಪೆಟ್ಟಿಗೆಯ ಗೋಡೆಗೆ ಬಿಗಿದು ಸಿಮೆಂಟ್ ತುಂಬಿಬಿಟ್ಟರೆ ಆ ಒತ್ತಡವೆಲ್ಲ ಎಲ್ಬೋ ಮೇಲೆ ಬೀಳುತ್ತದೆ. ಕ್ಲ್ಯಾಂಪ್ ಪೈಪನ್ನು ಹೊತ್ತಿರಬೇಕು, ಹಿಸುಕಬಾರದು. ಪೈಪ್ ಪೆಟ್ಟಿಗೆ ದಾಟುವ ತೂತನ್ನು ಸುತ್ತಲೂ ಸ್ವಲ್ಪ ಸಡಿಲ ಬಿಟ್ಟು ಕೊರೆಸಿದೆ.

ಆಚಾರಿಯವರು ಪ್ಲೈವುಡ್ ಎಂದರು. 710 ಗುರುತಿನ ಮರೈನ್ ಪ್ಲೈನ ಅಂಟು ನೀರಿಗೆ ಬಿಡುವುದಿಲ್ಲ, ನಿಜ. ಆದರೆ ಕತ್ತರಿಸಿದ ಅಂಚು ದಿನಾ ನೀರು ಕುಡಿಯುವ ಜಾಗ ಇದು, ಮೇಲಾಗಿ ನಮ್ಮ ಕಡೆ ಒರಲೆಯ (ಗೆದ್ದಲಿನ) ಕಾಟ. ಕತ್ತಲೆ, ತಂಪು, ಮರ ಮೂರೂ ಒಟ್ಟಿಗೆ ಸಿಕ್ಕರೆ ಒರಲೆಗೆ ಬೇರೇನು ಬೇಕು? ಕೊನೆಗೆ ಅಲ್ಯೂಮಿನಿಯಂ ಚೌಕಟ್ಟು, ಅದಕ್ಕೆ ಪಿವಿಸಿ ಫೋಮ್ ಬೋರ್ಡ್ ಎಂದು ಒಪ್ಪಿಸಿದೆ. ಬಚ್ಚಲಲ್ಲಿ ಹಂಡೆ, ಸೌದೆ ಒಲೆ ಇರುವವರು ಈ ಬೋರ್ಡನ್ನು ಒಲೆಯಿಂದ ದೂರ ಇಡಬೇಕು. ಬಿಸಿಗೆ ಅದು ಬಾಗುತ್ತದೆ.

ಕಡಲ ಬದಿಯಲ್ಲಿ ಮೊದಲು ಸಾಯುವುದು ಸ್ಕ್ರೂ ಮತ್ತು ಹಿಂಜ್. ಸ್ಟೇನ್‌ಲೆಸ್ ಎಂದು ಕೊಡುವ 304 ದರ್ಜೆಯ ಸ್ಟೀಲ್ ಕೂಡ ಉಪ್ಪು ಗಾಳಿಗೆ ಕಂದು ಕಲೆ ಕಟ್ಟುತ್ತದೆ. 316 ಸಿಕ್ಕರೆ ಅದನ್ನೇ ತನ್ನಿ. ಸ್ಟೀಲ್ ಸ್ಕ್ರೂ ನೇರವಾಗಿ ಅಲ್ಯೂಮಿನಿಯಂಗೆ ತಾಗಿ ಉಪ್ಪು ತೇವ ಸೇರಿದರೆ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ. ನಡುವೆ ನೈಲಾನ್ ವಾಷರ್ ಹಾಕಿಸಿದೆ. ಚಿರೆಕಲ್ಲಿಗೆ ಡ್ರಿಲ್ ಮಾಡುವಾಗ ಹ್ಯಾಮರ್ ಬಂದ್ ಮಾಡಿ ನಿಧಾನ ಕೊರೆಯಬೇಕು, ಇಲ್ಲವಾದರೆ ತೂತು ಅಗಲವಾಗಿ ಪ್ಲಗ್ ಸಡಿಲಾಗುತ್ತದೆ. ಪ್ಲಗ್ ಉದ್ದನೆಯದು ಇರಲಿ, ಗಾರೆ ದಾಟಿ ಕಲ್ಲಿನ ಒಳಗೆ ಹೋಗಬೇಕು.

ಬಾಗಿಲಿಗೆ ಮಾತ್ರ ಹಿಂಜೂ ಇಲ್ಲ, ಮ್ಯಾಗ್ನೆಟ್ಟೂ ಇಲ್ಲ, ಸ್ಕ್ರೂವೂ ಇಲ್ಲ. ಹಳೇ ಕಪಾಟಿನ ಸರಿಯುವ ಗಾಜಿನ ಹಾಗೆ ಮಾಡಿಸಿದೆವು. ಮೇಲಿನ ಯು-ಚಾನೆಲ್ (ಬೋರ್ಡಿನ ಅಂಚು ಒಳಗೆ ಕೂರುವ ಪಟ್ಟಿ) ಆಳ, ಕೆಳಗಿನದು ಗಿಡ್ಡ. ಬೋರ್ಡನ್ನು ಮೇಲಕ್ಕೆ ಎತ್ತಿದರೆ ಕೆಳಗಿನ ಚಾನೆಲ್‌ನಿಂದ ಬಿಡುತ್ತದೆ, ಮುಂದಕ್ಕೆ ಎಳೆದರೆ ಕೈಗೆ ಬರುತ್ತದೆ. ಮೇಲೆ ಹತ್ತು ಮಿಲಿಮೀಟರ್ ಖಾಲಿ ಇರಬೇಕು, ಕೆಳಗಿನ ಚಾನೆಲ್ ಎಂಟಕ್ಕಿಂತ ಆಳ ಇರಬಾರದು, ಕೂತಾಗಲೂ ಬೋರ್ಡಿನ ತಲೆ ಮೇಲಿನ ಚಾನೆಲ್ ಒಳಗೇ ಇರಬೇಕು. ಇಷ್ಟು ಸರಿ ಬಂದರೆ ತುಕ್ಕು ಹಿಡಿಯುವ ಸಾಮಾನೇ ಬಾಗಿಲಲ್ಲಿ ಇರುವುದಿಲ್ಲ. ಆಯಿಯೂ ಸ್ಕ್ರೂಡ್ರೈವರ್ ಹುಡುಕದೆ ತೆಗೆದು ನೀರು ಬಂದ್ ಮಾಡಬಹುದು. ಕೆಳಗಿನ ಚಾನೆಲ್ ಉದ್ದಕ್ಕೂ ಹಾಕಿಸಬೇಡಿ. ಎರಡು ತುದಿಗೆ ಎರಡು ತುಂಡು ಸಾಕು, ಇಲ್ಲದಿದ್ದರೆ ಅದರಲ್ಲೇ ನೀರು ನಿಂತು ಪಾಚಿ ಕಟ್ಟುತ್ತದೆ.

ಪೆಟ್ಟಿಗೆಯ ತಳವನ್ನು ನೆಲದಿಂದ ಅರ್ಧ ಇಂಚು ಮೇಲಕ್ಕೆ ಬಿಟ್ಟಿದ್ದೇನೆ. ನೋಡಿದವರು ಸಿಲಿಕೋನ್ ಬಳಿದು ಮುಚ್ಚಿ ಎನ್ನುತ್ತಾರೆ. ನಾನು ಮೇಲಿನ ಅಂಚಿಗೆ, ಗೋಡೆ ಸೇರುವ ಜಾಗಕ್ಕೆ ಮಾತ್ರ ಬಳಿದೆ. ಮೇಲಿಂದ ನೀರು ಒಳಗೆ ಇಳಿಯಬಾರದು, ಆದರೆ ಒಳಗೆ ಸೋರಿದ ನೀರು ಕೆಳಗಿಂದ ನೆಲಕ್ಕೆ ಬರಲೇಬೇಕು. ಒಣ ನೆಲದ ಮೇಲೆ ಬೆಳಿಗ್ಗೆ ಒಂದು ಗೆರೆ ನೀರು ಕಂಡರೆ ಅವತ್ತೇ ಗೊತ್ತಾಗುತ್ತದೆ. ಆ ಸಂದಿಯಿಂದ ಗಾಳಿಯೂ ಆಡುತ್ತದೆ. ಮೇಲಿನ ಒಂದು ಬದಿಗೆ ಜಾಳಿಗೆಯ ಕಿಂಡಿ ಇಟ್ಟಿದ್ದೇವೆ, ಮಳೆಗಾಲದಲ್ಲೂ ಒಳಗೆ ಮುಗ್ಗಲು ವಾಸನೆ ಇಲ್ಲ.

ಕಮೋಡಿನ ದಪ್ಪ ಪೈಪಿಗೂ ಇದೇ ಲೆಕ್ಕ. ಅದರ ಬೆಂಡಿನಲ್ಲಿ ಬಿಚ್ಚುವ ಮುಚ್ಚಳ ಇರುತ್ತದೆ. ಅದು ಯಾವ ದಿಕ್ಕಿಗೆ ಮುಖ ಮಾಡಿದೆಯೋ ನಮ್ಮ ಬಾಗಿಲೂ ಅದೇ ದಿಕ್ಕಿಗೆ ಇರಬೇಕು. ಗೀಸರ್ ವಯರನ್ನು ಮಾತ್ರ ಯಾವ ಕಾರಣಕ್ಕೂ ಪೈಪಿನ ಪೆಟ್ಟಿಗೆಯೊಳಗೆ ತೂರಿಸಬೇಡಿ.

ಮುಚ್ಚುವ ಮುಂಚೆ ಟೇಪ್ ಹಿಡಿದು ಫೋಟೋ ತೆಗೆದು, ಪ್ರಿಂಟ್ ಹಾಕಿಸಿ, ಪ್ಲಾಸ್ಟಿಕ್ ಹೊದಿಸಿ ಬಾಗಿಲ ಒಳಬದಿಗೆ ಅಂಟಿಸಿದೆ. ಪೈಪಿನ ಮೇಲೆ ಮಾರ್ಕರ್‌ನಲ್ಲಿ ಬಿಸಿ, ತಣ್ಣೀರು, ಸೋಲಾರ್ ಎಂದು ಬಾಣದ ಜೊತೆ ಬರೆದಿದ್ದೇನೆ. ಪ್ರತಿ ವರ್ಷ ಮೇ ಕೊನೆಗೆ ಬಾಗಿಲುಗಳನ್ನು ತೆಗೆದು ಒಳಗೆ ಒರೆಸಿ, ವಾಲ್ವ್‌ಗಳನ್ನು ಒಮ್ಮೆ ಪೂರ್ತಿ ಮುಚ್ಚಿ ತೆರೆಯುತ್ತೇನೆ. ನಮ್ಮ ಬಾವಿಯ ನೀರಿಗೆ ವಾಲ್ವ್ ಒಂದೇ ಕಡೆ ನಿಂತರೆ ಕಚ್ಚಿಕೊಂಡುಬಿಡುತ್ತದೆ.