ದೈವನಂಬಿಕೆಯಿಲ್ಲದೆ ಸೇವೆಗೆ ತೊಡಗುವ ಬಗೆ

ಪುಣ್ಯದ ಆಸೆಯಾಗಲಿ ಪಾಪದ ಭಯವಾಗಲಿ ಇಲ್ಲದವರು, ಪರರಿಗೆ ನೆರವಾಗುವ ಮೊದಲು ಯಾವುದಾದರೊಂದು ದೊಡ್ಡ ತತ್ತ್ವವನ್ನು ಹುಡುಕಿಕೊಳ್ಳಬೇಕೆಂದು ಭಾವಿಸುವುದುಂಟು, ಅದು ಅನಗತ್ಯ. ಎದುರಿಗಿರುವವರ ನೋವು ನಿಜ, ಅದನ್ನು ತುಸುವಾದರೂ ತಗ್ಗಿಸುವ ಶಕ್ತಿ ನಿಮಗಿದೆ ಎಂಬ ಎರಡು ಸಂಗತಿಗಳೇ ಸಾಕಷ್ಟು ಕಾರಣ.

ಕಾರಣಕ್ಕಿಂತ ಹೆಚ್ಚಾಗಿ ಬಿಡುವಿನ ಕಡೆಗೆ ಗಮನ ಕೊಡಿ. 1973ರಲ್ಲಿ ಪ್ರಕಟವಾದ, ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅವರ ಪ್ರಯೋಗದಲ್ಲಿ, ಅಮೆರಿಕದ ಪ್ರಿನ್ಸ್‌ಟನ್‌ನ ಧರ್ಮಶಾಸ್ತ್ರ ವಿದ್ಯಾರ್ಥಿಗಳಿಗೆ ದಾರಿಯಲ್ಲಿ ಕುಸಿದು ನರಳುತ್ತಿದ್ದ ವ್ಯಕ್ತಿಯೊಬ್ಬ ಎದುರಾಗುವಂತೆ ಮಾಡಲಾಗಿತ್ತು, ಅವಸರವಿಲ್ಲದವರಲ್ಲಿ ಶೇ. 63ರಷ್ಟು ಮಂದಿ ನೆರವಿಗೆ ಮುಂದಾದರೆ, ತೀರಾ ತಡವಾಗಿದೆಯೆಂದು ನಂಬಿಸಲಾದವರಲ್ಲಿ ಮುಂದಾದವರು ಶೇ. 10 ಮಾತ್ರ. ಆ ವಿದ್ಯಾರ್ಥಿಗಳಲ್ಲಿ ಕೆಲವರು ಹೊರಟಿದ್ದುದು, ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನಿಗೆ ನೆರವಾದ ಬೈಬಲಿನ ಪರೋಪಕಾರಿ ಸಮಾರ್ಯದವನ ಕಥೆಯ ಕುರಿತು ಮಾತನಾಡಲೆಂದೇ, ಆದರೂ ಅದರಿಂದ ಗಣನೀಯ ವ್ಯತ್ಯಾಸವೇನೂ ಕಾಣಲಿಲ್ಲ! ಆದ್ದರಿಂದ ವಾರದ ಒಂದು ನಿಶ್ಚಿತ ಅವಧಿಯನ್ನು ಬೇರೆ ಕೆಲಸಗಳು ನುಂಗದಂತೆ ಮೊದಲೇ ಕಾದಿರಿಸಿ.

ಬಳಿಕ ನಿಮಗೆ ಈಗಾಗಲೇ ಬರುವ ಕೆಲಸವನ್ನು ಆರಿಸಿಕೊಳ್ಳಿ: ಲೆಕ್ಕ ಬರೆಯುವುದು, ಪಾಠ ಹೇಳುವುದು, ದೃಷ್ಟಿಹೀನರಿಗೆ ಪುಸ್ತಕ ಓದುವುದು, ರಕ್ತ ಕೊಡುವುದು. ನೆರವು ಪಡೆಯುವವರಿಗೆ ಏನು ಬೇಕೆಂದು ಅವರನ್ನೇ ಕೇಳಿ. ಊಹೆಯಿಂದ ಮಾಡಿದ ಉಪಕಾರ ಅನೇಕ ವೇಳೆ ಹೊರೆಯಾಗುತ್ತದೆ.

ಸಹಾಯ ಮಾಡಿದಾಗ ನಿಮಗೆ ಸಂತೋಷವಾದರೆ ಅದನ್ನು ಸ್ವಾರ್ಥವೆಂದು ಶಂಕಿಸಬೇಕಾಗಿಲ್ಲ. ಉತ್ಸಾಹ ಇಳಿದ ದಿನಗಳಿಗಾಗಿ, ನಿಮ್ಮ ಗೈರುಹಾಜರಿಯನ್ನು ಗಮನಿಸುವ ಒಂದು ಚಿಕ್ಕ ತಂಡದೊಂದಿಗೆ ಸೇರಿಕೊಳ್ಳಿ.